ದಾರಿ ತಪ್ಪಿದ ಗಗನನೌಕೆ, ಹಿತುಕಿದ ಬೇಳೆ

ಆ ಧಾರಾವಾಹಿಯ ನಿಜವಾದ ಹೆಸರು ಏನೋ ಉದ್ದವಾಗಿ ಸಂಸ್ಕೃತದಲ್ಲಿತ್ತು. ಅಮ್ಮ ಅದನ್ನು ‘ದಾರಿ ತಪ್ಪಿದವರು’ ಎಂದು ಕರೆದಳು, ಬೀದಿಗೆಲ್ಲ ಅದೇ ಹೆಸರಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಸಂಜೆ ಅರ್ಧ ಗಂಟೆ ಬರುತ್ತಿತ್ತು. ಭೂಮಿಯಿಂದ ಹೊರಟ ಒಂದು ಗಗನನೌಕೆ ವಾಪಸು ಬರುವಾಗ ದಾರಿ ತಪ್ಪಿಸಿಕೊಂಡಿದೆ. ವಾರಕ್ಕೊಂದು ಗ್ರಹದಲ್ಲಿ ಇಳಿಯುತ್ತದೆ. ಕ್ಯಾಪ್ಟನ್ ಹೊರಗೆ ಬಂದು, ಪ್ಯಾಂಟಿನ ಧೂಳು ಕೊಡವಿಕೊಂಡು, ಎದುರಿಗೆ ಸಿಕ್ಕವರನ್ನು “ಸ್ವಾಮಿ, ಭೂಮಿಗೆ ಹೇಗೆ ಹೋಗ್ಬೇಕು?” ಎಂದು ಕೇಳುತ್ತಾನೆ. ಮೂರು ಕಣ್ಣಿನವರೋ, ಹಸಿರು ಮುಖದವರೋ, ಯಾರೇ ಆಗಲಿ, ಗೊತ್ತಿಲ್ಲ ಎಂದು ಮಾತ್ರ ಹೇಳುವುದಿಲ್ಲ. “ನೇರ ಹೋಗಿ, ಎರಡನೇ ಸೂರ್ಯ ಬಿಟ್ಟು ಎಡಕ್ಕೆ ತಿರುಗಿ, ಅಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ” ಎನ್ನುತ್ತಾರೆ. ಬರೆದವರು ನಮ್ಮ ಊರಿನವರೇ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನೌಕೆಯ ಗೋಡೆಗೆ ಮೊಟ್ಟೆ ಇಡುವ ಟ್ರೇಗಳನ್ನು ಅಂಟಿಸಿ ಬೆಳ್ಳಿ ಬಣ್ಣ ಬಳಿದಿದ್ದರು. ಸ್ಟೀರಿಂಗ್ ಜಾಗದಲ್ಲಿ ಪ್ರೆಷರ್ ಕುಕ್ಕರಿನ ಮುಚ್ಚಳ. ಅಪಾಯ ಬಂದಾಗ ಅದು ಸೀಟಿ ಹೊಡೆಯುತ್ತಿತ್ತು. ಎಣ್ಣೆ ಡಬ್ಬಗಳನ್ನು ಜೋಡಿಸಿ ಮಾಡಿದ ಒಂದು ರೋಬೋ ಇತ್ತು, ಅದಕ್ಕೆ ಕಂಡದ್ದಕ್ಕೆಲ್ಲ ಭಯ. ಪ್ರತಿ ಕಂತಿನ ಕೊನೆಯಲ್ಲೂ ಕ್ಯಾಪ್ಟನ್ ನೌಕೆಯ ಬಾಗಿಲಲ್ಲಿ ನಿಂತು ಆ ಗ್ರಹದವರಿಗೆ ಕೈಮುಗಿದು “ಹೋಗ್ಬರ್ತೀವಿ” ಎನ್ನುತ್ತಿದ್ದ. ರೋಬೋ ಒಳಗಿನಿಂದ “ದಾರಿ ಗೊತ್ತಾ?” ಎಂದು ಕೇಳುತ್ತಿತ್ತು. ಕ್ಯಾಪ್ಟನ್ “ಹೋಗ್ತಾ ಗೊತ್ತಾಗುತ್ತೆ” ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದ. ಬಾಗಿಲು ಒಂದೇ ಸಲಕ್ಕೆ ಮುಚ್ಚುತ್ತಿರಲಿಲ್ಲ, ಕಾಲಿನಿಂದ ಒದೆಯಬೇಕಾಗುತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಅದು ಅಷ್ಟಕ್ಕಷ್ಟೆ. ಮಲ್ಲೇಶ್ವರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ. ವಾರವೆಲ್ಲ ಬಸ್ಸು ಬದಲಿಸಿ ಬದಲಿಸಿ ಓಡಾಡಿದವಳಿಗೆ ಭಾನುವಾರ ಸಂಜೆಯಾದರೂ ಮನೆ ತಣ್ಣಗಿರಲಿ ಎನಿಸುತ್ತಿತ್ತು. ಬಸವನಗುಡಿಯ ನಮ್ಮ ಬಾಡಿಗೆ ಮನೆಯ ನಡುಮನೆ ದಿವಾನ, ಎರಡು ಕುರ್ಚಿ ಹಾಕಿದರೆ ಮುಗಿಯುವಷ್ಟು. ಅಲ್ಲಿಗೆ ಭಾನುವಾರ ತಪ್ಪದೆ ಇಬ್ಬರು ಬಂದು ಕೂರುತ್ತಿದ್ದರು. ಒಬ್ಬರು ಪಕ್ಕದ ಮನೆಯ ಮೇಷ್ಟ್ರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲೂ ಟೀವಿ ಇತ್ತು. ಆದರೆ ಒಬ್ಬರೇ ಕೂತು ನೋಡಿದರೆ ತಪ್ಪು ಯಾರಿಗೆ ತೋರಿಸುವುದು? ಇನ್ನೊಬ್ಬಳು ಬೀದಿಗೆ ಹೂವು ಕೊಡುವ ಹೂವಿನಮ್ಮ. ಬುಟ್ಟಿಯನ್ನು ಜಗಲಿಯ ಮೇಲಿಟ್ಟು, ಹೊಸ್ತಿಲಿನ ಆಚೆ ಕಾಲು ನೀಡಿ ಕೂತು, ಮಾಲೆ ಕಟ್ಟುತ್ತ ನೋಡುತ್ತಿದ್ದಳು. ಅಮ್ಮ ಒಳಗೆ ಬಾ ಎಂದು ಎಷ್ಟು ಕರೆದರೂ ಬರುತ್ತಿರಲಿಲ್ಲ, ಅಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದಳು.

ಮೇಷ್ಟ್ರಿಗೆ ನೌಕೆ ಹಾರಿದ ಕೂಡಲೇ ಶುರು. “ಅಲ್ಲಿ ಗಾಳಿನೇ ಇಲ್ಲ. ಗಾಳಿ ಇಲ್ದೆ ಶಬ್ದ ಹೆಂಗ್ರೀ ಬರುತ್ತೆ? ಆ ಇಂಜಿನ್ ಸದ್ದು ಹೆಂಗೆ ಕೇಳಿಸ್ತು?”

“ಶಬ್ದ ಬರದೇ ಇದ್ರೆ ಅವರು ಮಾತಾಡೋದು ನಮಗೆ ಕೇಳ್ಸುತ್ತಾ ಮೇಷ್ಟ್ರೇ? ಕಾಫಿ ಆರ್ತಿದೆ, ಕುಡೀರಿ” ಎನ್ನುತ್ತಿದ್ದಳು ಅಮ್ಮ.

ಹೂವಿನಮ್ಮನಿಗೆ ಗಾಳಿಯ ಚಿಂತೆ ಇರಲಿಲ್ಲ. ಅವಳಿಗೆ ರೋಬೋನದೇ ಚಿಂತೆ. “ಪಾಪ, ಆ ತಗಡಿನ ಹೈದನಿಗೆ ಒಂದು ಹೆಣ್ಣು ನೋಡ್ಬಾರ್ದಾ ಅಮ್ಮಾವ್ರೆ? ಮದ್ವೆ ಆದ್ರೆ ಧೈರ್ಯ ಬತ್ತದೆ” ಎನ್ನುತ್ತಿದ್ದಳು. ಅವಳ ಗಂಡನನ್ನು ಬಲ್ಲ ಅಮ್ಮ “ನಿನ್ನ ಗಂಡನಿಗೆ ಬಂತಾ?” ಎಂದು ಕೇಳಿ ಅವಳ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ವಾರ ನೌಕೆ ಹೊಸ ಗ್ರಹವೊಂದರಲ್ಲಿ ಇಳಿದಾಗ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. “ರೀ, ಇದು ಲಾಲ್‌ಬಾಗ್ ಬಂಡೆ ಕಣ್ರೀ! ದಿನಾ ವಾಕಿಂಗ್ ಹೋಗ್ತೀನಿ, ನಂಗೊತ್ತಿಲ್ವಾ!” ಅಂದು ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೋಸ ಕಂಡುಹಿಡಿದ ಸಂತೋಷವೋ, ತಾವು ದಿನಾ ಬೇರೆ ಗ್ರಹದಲ್ಲಿ ವಾಕಿಂಗ್ ಮಾಡುತ್ತಿದ್ದೇವೆ ಎನ್ನುವ ಸಂತೋಷವೋ ಗೊತ್ತಾಗಲಿಲ್ಲ. ಮರುದಿನ ಸಂಜೆ ನಾನು ಕೆಲಸದಿಂದ ಬಂದ ಕೂಡಲೇ ಅಮ್ಮ ನನ್ನನ್ನು ಎಳೆದುಕೊಂಡು ಲಾಲ್‌ಬಾಗಿಗೆ ಹೋದಳು. ಬಂಡೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುತ್ತ ನೋಡಿದಳು. “ಟೀವೀಲಿ ಇನ್ನೂ ದೊಡ್ಡದಾಗಿ ಕಾಣ್ಸುತ್ತೆ” ಎಂದಳು. ಕಡಲೆಕಾಯಿ ತಿಂದು ಬಂದೆವು.

ನೌಕೆ ಭೂಮಿ ಸೇರಬೇಕೋ ಬೇಡವೋ ಎನ್ನುವ ಜಗಳ ವಾರವಾರವೂ ಇತ್ತು. ಸೇರಲೇಬೇಕು, ಇಲ್ಲದಿದ್ದರೆ ಲೆಕ್ಕ ಬಗೆಹರಿಯುವುದಿಲ್ಲ ಎಂದು ಮೇಷ್ಟ್ರು. ರೋಬೋನ ಮದುವೆ ಆದಮೇಲೆ ಸೇರಲಿ ಎಂದು ಹೂವಿನಮ್ಮ. ಅಮ್ಮ ಮಾತ್ರ ಸೇರುವುದೇ ಬೇಡ ಎನ್ನುತ್ತಿದ್ದಳು. “ಮನೆಗೆ ಬಂದು ಏನ್ಮಾಡ್ತಾರೆ? ನಮ್ಮ ಹಾಗೆ ಅನ್ನ ಸಾರು ಮಾಡ್ಕೊಂಡು ಕೂರ್ತಾರೆ ಅಷ್ಟೆ. ಹಿಂಗೇ ಸುತ್ತಲಿ ಬಿಡಿ.” ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ಮೈಸೂರಿನ ಆಚೆ ಅಮ್ಮ ಹೋದದ್ದೇ ಇಲ್ಲ ಎನ್ನುವುದು ಬಹಳ ವರ್ಷಗಳ ಮೇಲೆ ಹೊಳೆಯಿತು.

ಅಪ್ಪ ಇದನ್ನು ನೋಡುತ್ತಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಮೊನ್ನೆ ಮೊನ್ನೆ ರಿಟೈರ್ ಆಗಿದ್ದವರು. ಮಾತು ಕಡಿಮೆ, ಅಮ್ಮನೊಂದಿಗಂತೂ ಇನ್ನೂ ಕಡಿಮೆ. ಧಾರಾವಾಹಿ ಶುರುವಾದ ಕೂಡಲೇ ಅವರ ಬೆತ್ತದ ಕುರ್ಚಿ ಕಿಟಕಿಯ ಕಡೆಗೆ ತಿರುಗುತ್ತಿತ್ತು. ಟೀವಿಗೂ ನಮಗೂ ಬೆನ್ನು ಹಾಕಿ, ಬೆಳಿಗ್ಗೆಯೇ ಓದಿ ಮುಗಿಸಿದ ಪೇಪರನ್ನು ಮತ್ತೆ ಬಿಚ್ಚುತ್ತಿದ್ದರು. ಬೇರೆ ಕೋಣೆಗೆ ಎದ್ದುಹೋಗಬಹುದಿತ್ತು. ಹೋಗುತ್ತಿರಲಿಲ್ಲ. ನನಗೆ ಅದು ಬರೀ ಹಟ ಎನಿಸಿ ಸಿಟ್ಟು ಬರುತ್ತಿತ್ತು.

ಚಳಿ ಬಿದ್ದರೆ ನಮ್ಮ ಬೀದಿಗೆ ಅವರೆಕಾಯಿಯ ಸೊಗಡು ಬರುತ್ತದೆ. ಗಾಂಧಿ ಬಜಾರಿನಲ್ಲಿ ರಾಶಿ ರಾಶಿ ಸುರಿದಿರುತ್ತಾರೆ. ಬಿಡಿಸಿದ ಕಾಳನ್ನು ನೀರಿನಲ್ಲಿ ನೆನೆಸಿ, ಒಂದೊಂದನ್ನೇ ಬೆರಳ ತುದಿಯಲ್ಲಿ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಅಮ್ಮ ಅಪ್ಪನ ಕುರ್ಚಿಯ ಹಿಂದೆ, ನೆಲದ ಮೇಲೆ ಬೇಸಿನ್ ಇಟ್ಟುಕೊಂಡು, ಕಣ್ಣು ಟೀವಿಯ ಮೇಲಿಟ್ಟು ಹಿತುಕುತ್ತಿದ್ದಳು. ಅವಳಿಗೆ ನಗು ಬಂದರೆ ಬೆರಳು ಹಿಡಿತ ತಪ್ಪುತ್ತಿತ್ತು. ಬೇಳೆ ಅಪ್ಪನ ಭುಜದ ಮೇಲಿಂದ ಹಾರಿ ಪೇಪರಿಗೆ ಟಪ್ಪೆಂದು ಬಡಿಯುತ್ತಿತ್ತು. ಅಪ್ಪ ಬಯ್ಯುತ್ತಿರಲಿಲ್ಲ, ತಿರುಗುತ್ತಲೂ ಇರಲಿಲ್ಲ. ಮಡಿಲಿಗೆ ಬಿದ್ದ ಬೇಳೆಯನ್ನು ಎತ್ತಿ, ಕುರ್ಚಿಯ ಪಕ್ಕದಿಂದ ಕೈಯನ್ನು ಹಿಂದಕ್ಕೆ ಕೆಳಕ್ಕೆ ಚಾಚುತ್ತಿದ್ದರು. ಅಮ್ಮ ಅಂಗೈಯಿಂದ ತೆಗೆದುಕೊಂಡು ಬೇಸಿನ್ನಿಗೆ ಹಾಕುತ್ತಿದ್ದಳು.

ಧಾರಾವಾಹಿ ಮುಗಿದ ಮೇಲೆ ಇವರದು ಇನ್ನೊಂದು ನಾಟಕ. ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಕ್ಯಾಪ್ಟನ್ ಹಾಗೆ ಕೈಮುಗಿದು “ಹೋಗ್ಬರ್ತೀವಿ” ಎನ್ನಬೇಕು. ಅವರು ಬಂದಿದ್ದು ಒಬ್ಬರೇ, ಆದರೂ ‘ವಿ’. ಬುಟ್ಟಿ ಎತ್ತುತ್ತಿದ್ದ ಹೂವಿನಮ್ಮ ರೋಬೋ ಆಗಿ “ದಾರಿ ಗೊತ್ತಾ?” ಎನ್ನಬೇಕು. ಕೊನೆಯದು ಅಮ್ಮನದು. ಸಿಪ್ಪೆಯ ಕೈಯಲ್ಲೇ ನಿಂತು “ಹೋಗ್ತಾ ಗೊತ್ತಾಗುತ್ತೇ...” ಎಂದು ರಾಗ ಎಳೆಯುತ್ತಿದ್ದಳು. ಮೇಷ್ಟ್ರು ಹೋಗಬೇಕಾದದ್ದು ಪಕ್ಕದ ಮನೆಗೆ. ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ದೊಡ್ಡವರು ಹೀಗಾಡುವುದನ್ನು ನೋಡಿ ನಾನು ತಲೆ ಚಚ್ಚಿಕೊಳ್ಳುವುದು ಬಾಕಿ.

ಅಂಥ ಒಂದು ಚಳಿಗಾಲದಲ್ಲಿ, ಮಂಗಳವಾರ ಮಧ್ಯಾಹ್ನ, ಅಮ್ಮ ಅಡುಗೆಮನೆಯಲ್ಲಿ ಕುಸಿದಳು. ಹೃದಯಾಘಾತ. ನಾನು ಮಲ್ಲೇಶ್ವರದಿಂದ ಬರುವಷ್ಟರಲ್ಲಿ ನಡುಮನೆಯಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದ್ದರು. ನಾನು ನೇರ ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ಬೇಸಿನ್ನಿನಲ್ಲಿ ಅವರೆಕಾಳು ನೆನೆದಿತ್ತು. ಇಷ್ಟನ್ನೂ ಇನ್ನು ಯಾರು ಹಿತುಕುತ್ತಾರೆ ಎಂದು ಯೋಚಿಸಿದೆ. ನನ್ನ ತಲೆಗೆ ಬಂದ ಮೊದಲ ಯೋಚನೆ ಅದು. ಎರಡನೆಯದು ಯಾವುದೂ ಬರಲಿಲ್ಲ.

ಕಾಲು ಜೋಮು ಹಿಡಿದಾಗ ಅದನ್ನು ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗಿರುತ್ತದಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಅಮ್ಮನನ್ನು ಎತ್ತಿಕೊಂಡು ಚಾಮರಾಜಪೇಟೆಯ ಸ್ಮಶಾನಕ್ಕೆ ಹೊರಟರು. ಹೆಂಗಸರು ಮನೆ ತೊಳೆದರು. ನಾನೂ ಪೊರಕೆ ಹಿಡಿದು ನೀರು ತಳ್ಳಿದೆ. ಯಾರೋ ಆ ಕಾಳನ್ನು ಹಿತ್ತಿಲಿಗೆ ಸುರಿದು ಬೇಸಿನ್ ಬೋರಲು ಹಾಕಿದರು. ಅದನ್ನೂ ನೋಡಿದೆ. ಅಪ್ಪ ತಲೆ, ಮೀಸೆ ಬೋಳಿಸಿಕೊಂಡು ಬಂದರು. ಮೀಸೆ ಇಲ್ಲದೆ ಅವರು ಬೇರೆ ಯಾರದೋ ಅಪ್ಪನ ಹಾಗೆ ಕಂಡರು.

ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ವೈಯಾಲಿಕಾವಲ್‌ನಿಂದ ಬಂದು ಮನೆ ಹಿಡಿದುಕೊಂಡರು. ಟೀವಿಯ ಮೇಲೆ ಟೇಬಲ್ ಬಟ್ಟೆ ಹೊದಿಸಿದ್ದು ಅವರೇ. ಸೂತಕ ಕಳೆದು ವೈಕುಂಠ ಸಮಾರಾಧನೆ ಆಗುವವರೆಗೆ ಅದನ್ನು ಹಚ್ಚುವ ಹಾಗಿರಲಿಲ್ಲ. ಅವರಿಗಿದ್ದ ದೊಡ್ಡ ಚಿಂತೆ ಎಂದರೆ ನಾನು ಅಳಲಿಲ್ಲ ಎನ್ನುವುದು. “ಅತ್ಬಿಡೇ, ಒಳಗೇ ಇಟ್ಕೋಬೇಡ. ಎದೇಲಿ ಕಟ್ಕೊಂಡ್ಬಿಡುತ್ತೆ” ಎಂದು ಬೆನ್ನು ಸವರುತ್ತಿದ್ದರು. ಬಂದವರ ಮುಂದೆಲ್ಲ “ಒಂದು ಹನಿ ಹಾಕಿಲ್ಲ ನೋಡಿ, ನನಗೆ ಭಯ ಆಗುತ್ತೆ” ಎಂದು ದೂರುತ್ತಿದ್ದರು. ಬಂದವರು ನನ್ನ ಮುಖ ನೋಡುತ್ತಿದ್ದರು, ಈಗ ಅಳುತ್ತಾಳೇನೋ ಎಂದು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಹೊರಗೆ ಸಿಡಿಮಿಡಿಗುಟ್ಟಿದರೂ ಒಳಗೆ ನನಗೂ ಹೆದರಿಕೆ ಇತ್ತು. ಹೆತ್ತ ತಾಯಿಗೆ ಅಳದವಳು ಇನ್ನು ಯಾವುದಕ್ಕೆ ಅತ್ತಾಳು, ನಾನು ಹೀಗೇ ಉಳಿದುಬಿಟ್ಟರೆ ಏನು ಗತಿ ಎಂದು. ಆ ಹೆದರಿಕೆಯೂ ಯಾಕೋ ಪಕ್ಕದ ಮನೆಯ ಮಾತಿನಂತೆ ದೂರದಿಂದ ಕೇಳಿಸುತ್ತಿತ್ತು.

ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ ಬರಿದೆ ‘ಹೋಗ್ತೀನಿ’ ಎನ್ನಬಾರದು, ‘ಹೋಗ್ಬರ್ತೀನಿ’ ಎನ್ನಬೇಕು. ಸಾವಿನ ಮನೆಯಲ್ಲಿ ಮಾತ್ರ ಹಾಗೆ ಹೇಳುವ ಹಾಗಿಲ್ಲ. ಮಾತನಾಡಿಸಲು ಬಂದವರು ನೀರನ್ನೂ ಮುಟ್ಟದೆ, ಹೊರಡುವಾಗ ಏನೂ ಹೇಳದೆ ಎದ್ದು ಹೋಗಬೇಕು. ಇಂಥದಕ್ಕೆ ಇನ್ನೊಮ್ಮೆ ಬರುವಂತಾಗಬಾರದಲ್ಲ, ಅದಕ್ಕೆ. ಮೊದಲ ದಿನ ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಅಭ್ಯಾಸದಿಂದ “ಬರ್ತೀನಿ ಕಣೆ” ಎಂದಳು. ಮೇಷ್ಟ್ರು ಅವಳನ್ನು ಗೇಟಿನ ತನಕ ಹಿಂಬಾಲಿಸಿ “ಏನಮ್ಮಾ, ಓದಿದವಳು, ಅಷ್ಟೂ ತಿಳಿಯಲ್ವಾ?” ಎಂದು ಗದರಿಕೊಂಡಿದ್ದರು. ಭೌತಶಾಸ್ತ್ರದಲ್ಲಿ ಹೇಗೋ ಶಾಸ್ತ್ರದಲ್ಲೂ ಅವರು ಹಾಗೆ, ಒಂದು ಕೂದಲು ಆಚೀಚೆ ಆಗುವಂತಿಲ್ಲ.

ವೈಕುಂಠ ಸಮಾರಾಧನೆಗೆ ಮುಂಚಿನ ಭಾನುವಾರ ಬಂತು. ಸಂಜೆ ಗೋಡೆಯ ಆಚೆಯಿಂದ ‘ದಾರಿ ತಪ್ಪಿದವರು’ ಸಂಗೀತ ಸಣ್ಣಗೆ ಕೇಳಿಸಿತು. ಮೇಷ್ಟ್ರು ಎಷ್ಟು ಆಗುತ್ತದೋ ಅಷ್ಟು ಸದ್ದು ಇಳಿಸಿ ಹಾಕಿಕೊಂಡಿದ್ದರು. ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಕುಕ್ಕರ್ ಸೀಟಿ ಹೊಡೆದದ್ದು ಗೊತ್ತಾಯಿತು. ಅಪ್ಪ ಎಂದಿನಂತೆ ಕುರ್ಚಿಯನ್ನು ಕಿಟಕಿಗೆ ತಿರುಗಿಸಿ ಪೇಪರ್ ಹಿಡಿದು ಕೂತಿದ್ದರು. ಬಟ್ಟೆ ಹೊದ್ದ ಟೀವಿಗೆ ಬೆನ್ನು ಹಾಕಿ ಕೂತವರನ್ನು ಕಂಡು ನಗಬೇಕಿತ್ತು, ಅಥವಾ ಅಳಬೇಕಿತ್ತು. ನಾನು ದಿವಾನದ ಮೇಲೆ ಸುಮ್ಮನೆ ಕೂತಿದ್ದೆ.

ಧಾರಾವಾಹಿ ಮುಗಿದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಂದರು. ಮಡಿಸುವ ಕುರ್ಚಿಯಲ್ಲಿ ತಮ್ಮ ಜಾಗದಲ್ಲೇ ಕೂತರು. ಹೂವಿನಮ್ಮನೂ ಬಂದಳು. ಸೂತಕದ ಮನೆಗೆ ಹೂವು ಬೇಡವಾದ್ದರಿಂದ ಬುಟ್ಟಿ ತಂದಿರಲಿಲ್ಲ. ಹೊಸ್ತಿಲಿನ ಆಚೆ ಕೂತು, ಕೈಗೆ ಕೆಲಸವಿಲ್ಲದೆ ಸೆರಗಿನ ತುದಿ ಸುರುಳಿ ಮಾಡುತ್ತಿದ್ದಳು. ದೊಡ್ಡಮ್ಮ ನಾನು ಅಳದಿರುವ ಸುದ್ದಿ ಹೇಳಿದರು. ಮೇಷ್ಟ್ರು “ಕಾವೇರಿ ನೀರು ಈ ವಾರ ಸರಿಯಾಗಿ ಬಂತಾ?” ಎಂದು ಅಪ್ಪನ ಬೆನ್ನನ್ನು ಕೇಳಿದರು. ಅಪ್ಪ “ಹೂಂ” ಎಂದರು.

ಮೇಷ್ಟ್ರು ಎದ್ದರು. ಬಾಗಿಲಿಗೆ ಹೋಗಿ ಒಂದು ಚಪ್ಪಲಿ ಮೆಟ್ಟಿದರು. ಆಮೇಲೆ ಏನಾಯಿತೋ, ಆ ಬಾಗಿಲು, ಆ ಹೊತ್ತು, ಭಾನುವಾರ, ಎಲ್ಲ ಸೇರಿ ಅವರನ್ನು ತಿರುಗಿಸಿ ನಿಲ್ಲಿಸಿತು. ಕೈಮುಗಿದು “ಹೋಗ್ಬರ್ತೀವಿ” ಎಂದರು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಹೊಸ್ತಿಲಿನಿಂದ ಹೂವಿನಮ್ಮ, ತಲೆ ಕೂಡ ಎತ್ತದೆ, “ದಾರಿ ಗೊತ್ತಾ?” ಎಂದುಬಿಟ್ಟಳು. ಅಂದವಳೇ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ದೊಡ್ಡಮ್ಮ “ರಾಮ ರಾಮ” ಎಂದರು. ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ. ಆಡಿದ್ದನ್ನು ವಾಪಸು ತೆಗೆದುಕೊಳ್ಳುವ ಉಪಾಯ ಅವರ ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಮುಗಿದ ಕೈ ಹಾಗೇ ಇತ್ತು. ನಾವೆಲ್ಲರೂ ನೋಡಬಾರದು ಎಂದುಕೊಂಡೇ ಅಪ್ಪನ ಕುರ್ಚಿಯ ಹಿಂದಿನ ಖಾಲಿ ನೆಲವನ್ನು ನೋಡಿದೆವು.

ಆಗ ಪೇಪರಿನ ಆಚೆಯಿಂದ ಅಪ್ಪ ಹೇಳಿದರು: “ಹೋಗ್ತಾ ಗೊತ್ತಾಗುತ್ತೇ...”

ಕೊನೆಯ ಅಕ್ಷರವನ್ನು ಅಮ್ಮ ಎಳೆಯುತ್ತಿದ್ದ ಹಾಗೇ ಎಳೆದರು, ಅವಳು ನಿಲ್ಲಿಸುತ್ತಿದ್ದ ಕಡೆಯೇ ನಿಲ್ಲಿಸಿದರು. ಅಷ್ಟು ವರ್ಷ ಬೆನ್ನು ತಿರುಗಿಸಿ ಕೂತವರಿಗೆ ಆ ರಾಗ ಪೂರ್ತಿ ಬರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಒತ್ತಿಕೊಂಡರೂ ಭುಜ ಕುಣಿಯುವುದು ನಿಲ್ಲಲಿಲ್ಲ. ದೊಡ್ಡಮ್ಮ ಓಡಿ ಬಂದು ತಬ್ಬಿಕೊಂಡು “ಅಳು ಕಂದಾ, ಅಳು, ಸದ್ಯ ಅತ್ತಳಲ್ಲ” ಎಂದು ತಾವೇ ಅತ್ತರು. ನಾನು ಅಳುತ್ತಿರಲಿಲ್ಲ. ನಗುತ್ತಿದ್ದೆ. ಅವರಿಗೆ ಹೇಳಲಿಲ್ಲ. ನಗು ಮುಗಿದಾಗ ಮತ್ತೆ ಅದೇ ಜೋಮು. ಅಂದಿನಿಂದ ದೊಡ್ಡಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದರು, ಸಮಾರಾಧನೆ ಮುಗಿಸಿ ವೈಯಾಲಿಕಾವಲ್‌ಗೆ ಹೊರಟರು.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಚೀಲ ಹಿಡಿದು ಗಾಂಧಿ ಬಜಾರಿಗೆ ಹೋಗಿ ಅವರೆಕಾಯಿ ತಂದರು. ನಾನು ತನ್ನಿ ಎಂದಿರಲಿಲ್ಲ. ಬಿಡಿಸಿದ್ದೂ ಅವರೇ. ಬಿಸಿನೀರಿನಲ್ಲಿ ನೆನೆಸಿ ನನ್ನ ಮುಂದೆ ಇಟ್ಟರು. ಸಂಜೆ ಟೀವಿಯ ಮೇಲಿನ ಬಟ್ಟೆ ತೆಗೆದು, ಮಡಿಸಿ, ಕಪಾಟಿನಲ್ಲಿಟ್ಟರು. ಮೇಷ್ಟ್ರು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿದರು.

“ಬರ್ತೀವಿ ಅಂದಿದ್ರಲ್ಲ, ಬನ್ನಿ” ಎಂದರು ಅಪ್ಪ. ಮೇಷ್ಟ್ರು ಬಂದು ಕೂತರು. ನಾನು ಕಾಫಿ ಕೊಟ್ಟೆ. ಹೂವಿನಮ್ಮ ಬುಟ್ಟಿಯನ್ನು ಜಗಲಿಯ ಮೇಲಿಟ್ಟಳು.

ಅಪ್ಪ ಕುರ್ಚಿಯನ್ನು ಕಿಟಕಿಗೆ ತಿರುಗಿಸಿದರು. ನಾನು ದಿವಾನದ ಮೇಲೆ ಬೇಸಿನ್ ಮಡಿಲಲ್ಲಿಟ್ಟುಕೊಂಡು ಹಿತುಕತೊಡಗಿದೆ. ಅಮ್ಮನಷ್ಟು ಚುರುಕು ನನಗಿಲ್ಲ, ಅರ್ಧ ಬೇಳೆ ಮುರಿಯುತ್ತಿತ್ತು. ಟೀವಿಯಲ್ಲಿ ಕ್ಯಾಪ್ಟನ್ ಯಾವುದೋ ಗ್ರಹದ ಅಜ್ಜಿಯನ್ನು ದಾರಿ ಕೇಳುತ್ತಿದ್ದ. ಅವಳು ನೇರ ಹೋಗಿ ಎನ್ನುತ್ತ ಹಿಂದಕ್ಕೆ ಕೈ ತೋರಿಸಿದಳು. ಮೇಷ್ಟ್ರು ನಕ್ಕರು. ಗಾಳಿಯ ವಿಷಯ ಅಂದು ಎತ್ತಲೇ ಇಲ್ಲ.

ನನ್ನ ಬೆರಳಿನಿಂದ ಒಂದು ಬೇಳೆ ಜಾರಿ ಹಾರಿತು. ಅಪ್ಪನ ಭುಜದ ಮೇಲಿಂದ ಹೋಗಿ ಪೇಪರಿಗೆ ಟಪ್ಪೆಂದು ಬಡಿಯಿತು.

ಅಪ್ಪ ತಿರುಗಲಿಲ್ಲ. ಮಡಿಲಿನಿಂದ ಬೇಳೆಯನ್ನು ಎತ್ತಿದರು. ಕುರ್ಚಿಯ ಪಕ್ಕದಿಂದ ಕೈಯನ್ನು ಹಿಂದಕ್ಕೆ, ಕೆಳಕ್ಕೆ ಚಾಚಿದರು, ನೆಲದ ಮೇಲೆ ಕೂತವಳ ಎತ್ತರಕ್ಕೆ. ಅಂಗೈ ಬಿಚ್ಚಿತ್ತು, ನಡುವೆ ಒಂದು ಹಸಿರು ಬೇಳೆ. ಕೈ ಅಲ್ಲೇ ಕಾಯಿತು. ತೆಗೆದುಕೊಳ್ಳಲು ಯಾರೂ ಇಲ್ಲವೆಂದು ಅವರಿಗೆ ಇನ್ನೂ ನೆನಪಾಗಿರಲಿಲ್ಲ.

ನೆನಪಾಗುವ ಮೊದಲು ತಲುಪಬೇಕು ಎನಿಸಿತು. ಬೇಸಿನ್ ಹಿಡಿದುಕೊಂಡೇ ದಿವಾನದಿಂದ ಇಳಿದು, ಕುರ್ಚಿಯ ಹಿಂದೆ, ನೆಲದ ಮೇಲೆ ಕೂತೆ. ಅಪ್ಪನ ಅಂಗೈಯಿಂದ ಬೇಳೆ ತೆಗೆದುಕೊಂಡೆ. ಅದು ಬೆಚ್ಚಗಿತ್ತು. ಅಳು ಬಂತು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಹಾಗೇ ಹಿತುಕುತ್ತ ಅತ್ತೆ.